ಹದಿನೇಳರ ಏಳು ಚಡ್ಡಿಗಳು

ಅವಳು ನಿಂತುಕೊಂಡೇ ಉಣ್ಣಲು ಶುರುಮಾಡಿ ಮೂರು ವಾರವಾಗಿತ್ತು. ತಟ್ಟೆಯನ್ನು ಫ್ರಿಜ್ಜಿನ ನೆತ್ತಿಯ ಮೇಲಿಟ್ಟು, ಮೈಭಾರವನ್ನೆಲ್ಲ ಬಲಗಾಲಿಗೆ ಸಾಗಹಾಕಿ, ಗಬಗಬನೆ ನುಂಗುವಳು.

"ಏನತ್ತಿಗೆ, ಕುದುರೆ ಆಗೋಕೆ ಹೊರಟಿದೀಯಾ? ಇವತ್ತು ನಿಂತೇ ಊಟ, ನಾಳೆ ನಿಂತೇ ನಿದ್ದೆ," ಎಂದು ನಾದಿನಿ ಕಿಚಾಯಿಸಿದಳು.

"ಕುದುರೆಗಾದ್ರೆ ಲಾಳ ಹೊಡೆಸ್ತಾರೆ ಕಣೇ. ನನಗೆ ಒಂದು ಚಡ್ಡಿಗೂ ಗತಿಯಿಲ್ಲ."

ನಗೆಚಾಟಿಕೆಯಂತೆ ಹೇಳಿದರೂ ಅದು ನಿಜವೇ. ಹನ್ನೊಂದು ಕ್ಲಿನಿಕ್ಕುಗಳಿಂದ ರಕ್ತದ ನಳಿಗೆಗಳನ್ನು ತಂಪುಪೆಟ್ಟಿಗೆಯಲ್ಲಿಟ್ಟು, ಎರಡು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸುವುದು ಅವಳ ಕೆಲಸ. ದಿನಕ್ಕೆ ನಲವತ್ತು ಕಿಲೋಮೀಟರ್ ಪೆಡಲು. ಸೈಕಲ್ಲು ಕಂಪನಿಯದು, ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಎಂದು ಬರೆದದ್ದು. ಅಲ್ಲಿ ಸೈಕಲ್ಲಿನ ನಂಬರೇ ಸವಾರರ ಹೆಸರು. ಜನ ಬದಲಾದಾಗಲೆಲ್ಲ ರಿಜಿಸ್ಟರು ತಿದ್ದುವ ಗೋಜು ಬೇಡವೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! "ಹದಿನೇಳೂ, ಬೇಗ!" ಎಂದರೆ ಅವಳು ಓಡಬೇಕು. ಎರಡೇ ತಿಂಗಳಿಗೆ ಅದು ಎಷ್ಟು ರೂಢಿಯಾಯಿತೆಂದರೆ, ಮನೆಯಲ್ಲಿ ಹೆಸರು ಹಿಡಿದು ಕರೆದರೆ ಒಂದು ಕ್ಷಣ ತಡವಾಗಿ ತಿರುಗುತ್ತಿದ್ದಳು.

ಕೂರುವ ಮೂಳೆಯ ಮೇಲೆ, ಎಡಗಡೆಗೆ ಮಾತ್ರ, ನಿಂಬೆಕಾಯಿ ಗಾತ್ರದ ಗಾಯ. ಕ್ಲಿನಿಕ್ಕಿನ ನರ್ಸು ನೋಡಿ ಮುಖ ಸಿಂಡರಿಸಿದ್ದಳು. "ಸೈಕಲ್ ಬಿಡು, ಇಲ್ಲಾ ಒಳ್ಳೆ ಪ್ಯಾಡ್ ಚಡ್ಡಿ ಹಾಕು. ಇನ್ನೊಂದ್ ವಾರ ಹೀಗೇ ತುಳಿದ್ರೆ ಒಳಗೇ ಕೀವು ಕಟ್ಟುತ್ತೆ, ಕೊಯ್ಯಬೇಕಾಗುತ್ತೆ." ಬಿಡುವುದೆಂತು? ಕಚೇರಿಯ ಬೆಂಚಿನ ಮೇಲೆ ಕೆಲಸಕ್ಕಾಗಿ ಕಾಯುವವರು ಯಾವಾಗಲೂ ಇರುತ್ತಿದ್ದರು. ಮನೆಯ ಒಲೆ ಉರಿಯುತ್ತಿದ್ದುದು ಆ ಎರಡು ಚಕ್ರದ ಮೇಲೆ.

ಕ್ರೀಡಾ ಸಾಮಾನಿನ ಅಂಗಡಿಗೆ ಹೋದಳು. ಗಾಜಿನ ಹಿಂದೆ ಚಡ್ಡಿಗಳು ಒಡವೆಗಳ ಹಾಗೆ ನೇತಾಡುತ್ತಿದ್ದವು. ಬೆಲೆಚೀಟಿ ನೋಡಿದರೆ ಅವಳ ಅರ್ಧ ತಿಂಗಳ ಸಂಬಳ. ವಾರಕ್ಕೊಮ್ಮೆ ಬೊಜ್ಜು ಕರಗಿಸಲು ಪೆಡಲು ತುಳಿಯುವವರಿಗೆ ಮೆತ್ತೆ ಉಂಟು. ಹೊಟ್ಟೆ ತುಂಬಿಸಲು ದಿನವಿಡೀ ತುಳಿಯುವವಳಿಗೆ ಬರೀ ಸೀಟು. "ಬಳಸಿ ವಾಪಸ್ ಕೊಡೋ ಹಾಗಿಲ್ಲಮ್ಮ," ಎಂದ ಅಂಗಡಿಯವನು, ಅವಳು ಮುಟ್ಟುವ ಮೊದಲೇ. ಫುಟ್‌ಪಾತಿನಲ್ಲಿ ಅಗ್ಗದ್ದೊಂದು ಸಿಕ್ಕಿತು. ಅದರ ಸ್ಪಂಜು ನಾಲ್ಕೇ ದಿನಕ್ಕೆ ಹಪ್ಪಳವಾಯಿತು; ನಟ್ಟನಡುವಿನ ಹೊಲಿಗೆ ಗರಗಸವಾಯಿತು.

ಕೊನೆಗೆ ಮಧ್ಯಾಹ್ನದ ಎರಡು ಸುತ್ತಿನ ನಡುವೆ, ಒಂದು ಓಣಿಯ ತುದಿಯಲ್ಲಿ ಹಳೇ ಬಟ್ಟೆ ರಿಪೇರಿ ಮಾಡುವ ದರ್ಜಿಯಮ್ಮನ ಅಂಗಡಿ ಹೊಕ್ಕಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಬಾವಿಯ ತಂಪು. ದರ್ಜಿಯಮ್ಮ ಮಿಷನ್ನಿನಿಂದ ತಲೆ ಎತ್ತಲಿಲ್ಲ.

"ಈ ಚಡ್ಡಿಗೆ ಒಳ್ಳೆ ಪ್ಯಾಡ್ ಹೊಲಿದು ಕೊಡ್ತೀರಾ?"

"ಇಟ್ಟುಹೋಗು. ಹೆಸರು?"

"ಹದಿನೇಳು," ಎಂದುಬಿಟ್ಟಳು, ಅಭ್ಯಾಸಬಲದಿಂದ.

ಮಿಷನ್ನು ಗಕ್ಕನೆ ನಿಂತಿತು. "ಅಂತೂ ಬಂದ್ಯಾ? ನಾಲಕ್ಕು ವರ್ಷದಿಂದ ನಿನ್ನ ಚಡ್ಡಿ ಕಾಯ್ತಾ ಕೂತಿದೀನಿ ನಾನು. ತಂದುಕೊಡೋಕೆ ಮಾತ್ರ ಗೊತ್ತು, ತಗೊಂಡು ಹೋಗೋಕೆ ಕಾಲು ಬರಲ್ಲ ಅಲ್ವಾ?"

ಅಟ್ಟದಿಂದ ಒಂದು ಗಂಟು ಇಳಿಯಿತು. ಅದರಲ್ಲಿ ಏಳು ಚಡ್ಡಿಗಳು, ಎಲ್ಲಕ್ಕೂ ಪ್ಯಾಡು, ಎಲ್ಲಕ್ಕೂ ಸೇಫ್ಟಿ ಪಿನ್ನಿನಲ್ಲಿ ಒಂದೊಂದು ಚೀಟಿ. ಚೀಟಿಗಳಲ್ಲಿ ಒಂದೇ ಬರಹ: ಹದಿನೇಳು.

"ಇವು ನನ್ನವಲ್ಲಮ್ಮ."

"ಮತ್ಯಾರವು? ಅದೇ ನಂಬರು, ಅದೇ ಕುಂಟು. ಒಂದ್ಸಲ ಸಣ್ಣ ಮಾಡು ಅಂತೀಯ, ಇನ್ನೊಂದ್ಸಲ ದೊಡ್ಡದು ಮಾಡು ಅಂತೀಯ. ಒಂದ್ಸಲ ಗಂಡಸಿನ ದನಿ ಬಂತು. ಗಂಟಲು ಕಟ್ಟಿರಬೇಕು ಅಂದ್ಕೊಂಡೆ. ನಾನು ಮುಖ ನೋಡೋಳಲ್ಲವ್ವಾ, ಸೊಂಟ ನೋಡೋಳು. ಕಣ್ಣಿಗೆ ಪೊರೆ ಬಂದ ಮೇಲಂತೂ ಅದೂ ಮಸುಕು."

ಅವಳು ಒಂದನ್ನು ಒಳಮಗ್ಗುಲು ಹೊರಗೆ ಮಾಡಿ ಬೆರಳಾಡಿಸಿದಳು. ಬಲಗಡೆಯ ಮೆತ್ತೆ ಹೊಸದರಂತೆ ಉಬ್ಬಿತ್ತು. ಎಡಗಡೆ ನಿಂಬೆಕಾಯಿ ಕೂರುವಷ್ಟು ಗುಳಿ. ಎರಡನೆಯದಕ್ಕೂ ಅಲ್ಲೇ. ಮೂರನೆಯದಕ್ಕೂ. ಏಳಕ್ಕೂ ಒಂದೇ ಕಡೆ, ಒಂದೇ ಗುಳಿ, ಸುತ್ತ ತೊಳೆದರೂ ಹೋಗದ ಕಂದು ಕಲೆ.

ಪರದೆಯ ಹಿಂದೆ ಹೋಗಿ ಹಾಕಿಕೊಂಡು ನೋಡಿದಳು. ಮೂರು ಬಿಗಿ, ಮೂರು ಸಡಿಲ. ಏಳನೆಯದು ಅಳತೆ ತೆಗೆದು ಹೊಲಿದಂತೆ ಕೂತಿತು. ಹೊರಬಂದು ಸೈಕಲ್ಲು ಹತ್ತಿದಳು. ನೋವಿಲ್ಲ! ಗಾಯ ಆ ಗುಳಿಯೊಳಗೆ, ತನ್ನ ಗೂಡಿಗೆ ಮರಳಿದ ಹಕ್ಕಿಯಂತೆ, ಸದ್ದಿಲ್ಲದೆ ಕೂತುಬಿಟ್ಟಿತು. ಮೂರು ವಾರದ ಮೇಲೆ ಮೊದಲ ಸಲ ಅವಳು ಎರಡೂ ಕಡೆ ಭಾರ ಬಿಟ್ಟು ಕೂತಿದ್ದಳು. ಆ ಸುಖಕ್ಕೇ ಅವಳಿಗೆ ಹೆದರಿಕೆಯಾಯಿತು. ಯಾರೋ ತಿಂಗಳುಗಟ್ಟಲೆ ಬೆಂದು ತನಗಾಗಿ ಜಾಗ ತೋಡಿಟ್ಟಿದ್ದರು.

"ಇಳಿ, ಇಳಿ," ಎನ್ನುತ್ತ ಹೊರಬಂದ ದರ್ಜಿಯಮ್ಮ, ಕೂತವಳ ಸೊಂಟ ವಾಲಿದ್ದು ಕಂಡು, ಸೈಕಲ್ಲನ್ನೂ ಬಟ್ಟೆಯಂತೆಯೇ ತಡವಿದಳು. ಹ್ಯಾಂಡಲಿನಿಂದ ಹಿಂದಿನ ಚಕ್ರದ ನಡುವಿಗೆ ದಾರ ಎಳೆದು, ಸೀಟಿನ ಕೆಳಗೆ ಬೆರಳಿಟ್ಟಳು. "ನೋಡು, ಎರಡು ಬೆರಳು ವಾಲಿದೆ. ಸೀಟಿನ ಕೊಳವೆನೇ ಸೊಟ್ಟ. ಅಯ್ಯೋ ದೇವರೇ, ನಾನು ಇಷ್ಟು ವರ್ಷ ಗಿರಾಕಿ ಸೊಟ್ಟ ಅಂದ್ಕೊಂಡಿದ್ನಲ್ಲ!"

ಕೊಳವೆಯೊಂದು ಬಾಗಿತ್ತು, ಅಷ್ಟೇ. ಅದನ್ನು ನೆಟ್ಟಗೆ ಮಾಡುವ ಬದಲು ಏಳು ಜನ ತಮ್ಮನ್ನು ಬಗ್ಗಿಸಿಕೊಂಡಿದ್ದರು. ಮೆತ್ತೆ ಕೇಳಿದರು, ಮುಲಾಮು ಕೇಳಿದರು. ಸೈಕಲ್ಲನ್ನು ಕೇಳಬಹುದೆಂದು ಯಾರಿಗೂ ಅನಿಸಿರಲಿಲ್ಲ. ಅವಳಿಗಾದರೂ ಎಲ್ಲಿ ಅನಿಸಿತ್ತು?

ಗಂಟು ಹೊತ್ತು ಕಚೇರಿಗೆ ಹೋಗಿ, ಸೀಟಿನ ಕೊಳವೆ ಬಾಗಿದೆ, ಕೂತರೆ ಗಾಯವಾಗುತ್ತದೆ ಎಂದಳು. ಮೇಲ್ವಿಚಾರಕ ರಿಜಿಸ್ಟರು ತಿರುವಿದ. "ಹದಿನೇಳು ನಾಲಕ್ಕು ವರ್ಷದಿಂದ ಓಡ್ತಾ ಇದೆ. ಒಂದು ದಿನ ರಜೆ ಇಲ್ಲ, ಒಂದು ದೂರಿಲ್ಲ. ಇವತ್ತೇನು ಹೊಸ ನೋವು?"

"ಅದರಲ್ಲಿ ಏಳು ಜನ ಇದ್ರು ಸಾರ್. ಎಲ್ಲಿ ಹೋದ್ರು ಅವ್ರು?"

ಅವನು ಪುಟ ತಿರುಗಿಸಿ ತೋರಿಸಿದ. ಪುಟದ ಮೇಲಿಂದ ಕೆಳಗೆ ಹದಿನೇಳು, ಹದಿನೇಳು, ಹದಿನೇಳು. "ಯಾರೂ ಹೋಗೇ ಇಲ್ವಲ್ಲ," ಎಂದ. ತಮಾಷೆ ಮಾಡುತ್ತಿರಲಿಲ್ಲ. ಆಮೇಲೆ ಬೆಂಚಿನತ್ತ ಕತ್ತು ಹೊರಳಿಸಿ, "ಹದಿನೇಳು, ಸ್ವಲ್ಪ ತಡಿ, ಕರೀತೀನಿ," ಎಂದ.

"ಹಾಂ," ಎಂದಿತು ಬೆಂಚು.

ಅಲ್ಲೊಬ್ಬಳು ಅರ್ಜಿ ಹಿಡಿದು ಕೂತಿದ್ದಳು. ಹತ್ತಿರಹತ್ತಿರ ಇವಳದೇ ವಯಸ್ಸು, ಇವಳದೇ ಸೊಂಟ. ಇವಳು ಹೋಗಿ ಗಂಟು ಬಿಚ್ಚಿ ಅವಳ ಮಡಿಲಿಗೆ ಹರಡಿದಳು.

"ಕೈ ಇಟ್ಟು ನೋಡಮ್ಮ. ಎಡಗಡೆ."

ಅವಳು ಇಟ್ಟಳು. "ಇದು ಯಾರದು?"

"ಹದಿನೇಳರದು."

"ಇದು?"

"ಅದೂ ಹದಿನೇಳರದೇ."

ಆರನೆಯದನ್ನು ಮುಟ್ಟಿ ಅವಳು ಕೈ ಹಿಂದೆಗೆದಳು. "ಏಳನೇದು?" ಎಂದಳು ಪಿಸುಮಾತಿನಲ್ಲಿ.

"ನನ್ನ ಮೈಮೇಲಿದೆ."

ಗೋಡೆಯ ಫೋನು ಹೊಡೆದುಕೊಳ್ಳತೊಡಗಿತು. ಮೂರು ಗಂಟೆಯ ಸುತ್ತಿಗೆ ಕ್ಲಿನಿಕ್ಕುಗಳಲ್ಲಿ ನಳಿಗೆಗಳು ಸಿದ್ಧವಾಗಿದ್ದವು. ಮೇಲ್ವಿಚಾರಕ ಒಬ್ಬಳನ್ನು ನೋಡಿದ, ಇನ್ನೊಬ್ಬಳನ್ನು ನೋಡಿದ. ಬೆಂಚಿನವಳು ಅರ್ಜಿಯನ್ನು ಮಡಚಿ ಬ್ಯಾಗಿನೊಳಗಿಟ್ಟಳು. "ಮೊದ್ಲು ಆ ಸೀಟನ್ನ ನೆಟ್ಟಗೆ ಮಾಡ್ಸಿ ಸಾರ್. ಆಮೇಲೆ ಯಾರನ್ನ ಬೇಕಾದ್ರೂ ಕರೀರಿ."

ಫೋನು ನಾಲ್ಕನೇ ಸಲ ಹೊಡೆದುಕೊಂಡಾಗ ಅವನು ಗೊಣಗುತ್ತಲೇ ಎದುರಿನ ಸೈಕಲ್ ರಿಪೇರಿಯವನನ್ನು ಕರೆದ. ಹೊಸ ಕೊಳವೆ ಹಾಕಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ನಾಲ್ಕು ವರ್ಷ, ಏಳು ಜನ, ಇಪ್ಪತ್ತು ನಿಮಿಷ!

ಇವಳು ಹತ್ತಿ ಕೂತಳು. ಸೈಕಲ್ಲು ನೇರವಾಗಿತ್ತು. ಈಗ ಚಡ್ಡಿ ಒತ್ತತೊಡಗಿತು. ಆ ಗುಳಿ ಸೊಟ್ಟ ಸೀಟಿಗೆ ಮಾತ್ರ ಹೊಂದುವಂಥದ್ದು. ಅರ್ಧ ದಾರಿಯಲ್ಲಿ ಓಣಿಗೆ ತಿರುಗಿಸಿ ದರ್ಜಿಯಮ್ಮನ ಬಾಗಿಲಲ್ಲಿ ಇಳಿದಳು.

"ನನ್ನ ಅಳತೆಗೆ ಹೊಸ ಪ್ಯಾಡ್ ಹಾಕಿ. ಎರಡೂ ಕಡೆ ಸಮ ಇರ್ಲಿ."

"ಹಳೇ ಕಂಬಳಿ ತುಂಡಿದೆ, ಅಂಗಡಿದಕ್ಕಿಂತ ಗಟ್ಟಿ. ಕೂಲಿ ಮಾತ್ರ ಕೊಡು." ಚೀಟಿಯ ಮೇಲೆ ಪೆನ್ಸಿಲ್ಲು ಊರಿ, "ಹದಿನೇಳು ತಾನೇ?" ಎಂದಳು.

"ಅಲ್ಲ," ಎಂದು ಅವಳು ತನ್ನ ಹೆಸರು ಹೇಳಿದಳು. ಬಾಯಿಗೆ ಬರಲು ಕೊಂಚ ತಡವಾಯಿತು.

ದರ್ಜಿಯಮ್ಮ ಬರೆದುಕೊಂಡಳು. ಆಮೇಲೆ, ಮೊದಲ ಸಲ, ಪೊರೆಗಟ್ಟಿದ ಕಣ್ಣುಗಳನ್ನೆತ್ತಿ ಅವಳ ಮುಖವನ್ನು ತುಂಬ ಹೊತ್ತು ನೋಡಿದಳು.

"ಅಲ್ಲವ್ವಾ," ಎಂದಳು ಮೆಲ್ಲಗೆ, "ಇಷ್ಟು ವರ್ಷವೂ ನಿನ್ನ ಮುಖ ಹೀಗೇ ಇತ್ತಾ?"