ಚಪ್ಪಾಳೆ ಎಣಿಸುವ ಕಂಪ್ಯೂಟರ್

ನಿಮ್ಮ ಹಾಡಿನ ಓಟ ಎಷ್ಟೆಂದು ಕಂಪ್ಯೂಟರ್ ಹೇಳಿದರೆ, ಪಾಪ, ನಂಬಿಬಿಡುತ್ತೀರಾ? ಬಂಗೂರನಗರದಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದವನು ಮಾತ್ರ ನಂಬುತ್ತಿರಲಿಲ್ಲ. ಪರದೆಯ ಅಂಕಿಯನ್ನು ಅಂಗೈಯಿಂದ ಮುಚ್ಚಿ, ತೊಡೆ ತಟ್ಟಿ ತಾನೇ ಎಣಿಸುತ್ತಿದ್ದ. "ತಡೀರಿ, ಇದು ಖರೇ ಅಲ್ಲ" ಅನ್ನುವುದು ಅವನ ಮಾತು.

ಬೀಸುಕಲ್ಲಿನ ಮುಂದೆ ಅವ್ವ ಕಲಿಸಿದ ಬೀಸುವ ಹಾಡನ್ನು ಉಳಿಸಿಡಲು ಹೋಗಿದ್ದೆ. ಚಪ್ಪಾಳೆ ತಟ್ಟುತ್ತ ಹಾಡಿದೆ. ನಿಮಿಷಕ್ಕೆ ಎಪ್ಪತ್ತು ಪೆಟ್ಟು ಎಂದು ಅವನ ತೊಡೆ ಹೇಳಿದರೆ, ಕಂಪ್ಯೂಟರ್ ನೂರಾ ನಲವತ್ತು ಅಂದಿತು. ಆ ಓಟಕ್ಕೆ ಡೋಲು ಕೂಡಿಸಿದರೆ ಅವ್ವನ ಹಾಡು ಕೆಟ್ಟಂತೆಯೇ.

ಅವನು ನನ್ನ ಕೈಬಳೆಗಳನ್ನೇ ದಿಟ್ಟಿಸಿದ.

"ಬಳಿ ತಗೀರಿ ಆಯಿ."

ನನಗೆ ಗುಮಾನಿ ಬಂತು. "ಬಂಗಾರದ ಮ್ಯಾಲ ಕಣ್ಣು ಬಿತ್ತೇನಪಾ?" ಎಂದೆ.

"ಕಣ್ಣಲ್ರಿ, ಕಿವಿ ಬಿದ್ದೈತಿ. ಚಪ್ಪಾಳಿ ನಡುವ ಬಳಿ ಸಪ್ಪಳಾನೂ ಕಂಪ್ಯೂಟರ್ ಎಣಿಸಾಕತ್ತೈತಿ. ಹಿಂಗಾದ್ರ ಇದು ಬೀಸೂ ಹಾಡಲ್ರಿ, ಗಿರಣಿ ಹಾಡು."