ಮೇಸ್ತ್ರಿಯ ಅಂಗಿಯ ಗುಂಡಿ

ಸರಕೆಂದು ಅಳೆದರೆ ನಮ್ಮ ಪಾಲಿಶ್ ಮೇಸ್ತ್ರಿಗೆ ಮೊದಲ ನೋಟಕ್ಕೆ ದೊಡ್ಡ ಬೆಲೆ ಕಟ್ಟಲಾಗದು. ಕುಳ್ಳು, ಒಂದು ಕಿವಿ ಮಂದ, ಹುಬ್ಬಿನ ತುಂಬ ಕಲ್ಲಿನ ಪುಡಿ. ಬೆಲೆಯೆಲ್ಲ ಬೆರಳ ತುದಿಯಲ್ಲಿತ್ತು. ನಾನು ಚಪ್ಪಡಿಕಲ್ಲಿನ ವ್ಯಾಪಾರಿ. ನಾನು ಕನ್ನಡಕ ಹಾಕಿ ಹುಡುಕಿದರೂ ಕಾಣದ ಕೂದಲೆಳೆಯ ಬಿರುಕನ್ನು ಅವನು ಎಲ್ಲೋ ನೋಡುತ್ತಾ, ಕಲ್ಲು ಸವರಿ ಹೇಳಿಬಿಡುತ್ತಿದ್ದ. ಗಿರಾಕಿಗಳು ನನ್ನ ಮಾತು ಮುಗಿಯುವವರೆಗೆ ಮರ್ಯಾದೆಗೆ ತಲೆಯಾಡಿಸಿ, ಆಮೇಲೆ ಅವನ ಮುಖ ನೋಡುತ್ತಿದ್ದರು. ನಮ್ಮ ಅಡುಗೆಮನೆ ಕಟ್ಟೆಗೆ ಕಲ್ಲು ಆರಿಸುವಾಗ ನನ್ನವಳೂ ಅದನ್ನೇ ಮಾಡಿದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಅದಾದರೂ ಕಸುಬಿನ ಉರಿ. ಸಂಜೆಯದು ಬೇರೆ. ಐದೂವರೆಗೆ ಅವನ ಹೆಂಡತಿ ಪಕ್ಕದ ಕಾರ್ಖಾನೆಯ ಪಾಳಿ ಮುಗಿಸಿ ನಮ್ಮ ಗೇಟಿಗೆ ಬರುವಳು. ಅವನು ಧೂಳಿನ ಅಂಗಿ ಬದಲಿಸಿ ಎದೆಯೊಡ್ಡಿ ನಿಲ್ಲುವನು. ಅವಳು ಕತ್ತಿನಿಂದ ಕೆಳಗೆ ಒಂದೊಂದೇ ಗುಂಡಿ ಹಾಕುವಳು. ಅದೂ ಇಪ್ಪತ್ತು ವರ್ಷ ಸಂಸಾರ ಮಾಡಿದವರು. ಮನೆಗೆ ಹೋಗಿ ಹೇಳಿಕೊಂಡರೆ ನನ್ನವಳು, "ನಿಮ್ಗೂ ಹಾಕ್ತೀನಿ, ಮೊದ್ಲು ಹೊಟ್ಟೆ ಒಳಗೆ ಎಳ್ಕೊಳ್ಳಿ" ಎಂದಳು.

ಒಂದು ಚಳಿಯ ಬೆಳಿಗ್ಗೆ ನನ್ನೆದುರೇ ಲಾರಿಯಿಂದ ಇಳಿದ ಚಪ್ಪಡಿಯನ್ನು ಮೇಸ್ತ್ರಿ ಸವರಿ ಒಪ್ಪಿದ. ಅವನು ಅತ್ತ ಹೋದ ಮೇಲೆ ನಾನು ಸುಮ್ಮನೆ ನೀರು ಸುರಿದೆ. ಕಲ್ಲು ಆರಿದರೂ ಒಂದು ಕಪ್ಪು ಗೆರೆ ಉಳಿಯಿತು. ಬಿರುಕು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅವನ ಹೆಂಡತಿಯ ಎದುರೇ ಹೇಳಬೇಕೆಂದು ಸಂಜೆಯವರೆಗೂ ಬಾಯಿ ಬಿಗಿಹಿಡಿದುಕೊಂಡಿದ್ದೆ.

ಅವಳು ಮೂರನೇ ಗುಂಡಿಯಲ್ಲಿದ್ದಾಗ ಹೋಗಿ, "ಏನ್ ಮೇಸ್ತ್ರಿ, ಬೆಳಿಗ್ಗೆ ನೀನು ಒಪ್ಪಿದ ಕಲ್ಲಲ್ಲಿ ಬಿರುಕಿದೆ. ಬೆರಳಿಗೂ ಕನ್ನಡಕ ಮಾಡಿಸ್ಬೇಕಾ?" ಎಂದೆ.

ಅವಳು ತಲೆಯೆತ್ತದೆ ಹೇಳಿದಳು: "ಅವರ ಬೆರಳಿಗೆ ಗುಂಡಿನೇ ಸಿಗಲ್ಲ ಅಣ್ಣ, ಇನ್ನು ಬಿರುಕೆಲ್ಲಿ ಸಿಗುತ್ತೆ? ಇಷ್ಟು ದಿನ ನೀವು ಬರೋಕೆ ಮುಂಚೆ ನೀರು ಹಾಕಿ ನೋಡಿಡ್ತಿದ್ರು."

ಆಗ ಅವನ ಕೈ ನೋಡಿದೆ. ಚಳಿಗಾಳಿಗೆ ಬೆರಳುಗಳು ಎರಡನೇ ಗೆಣ್ಣಿನವರೆಗೆ ಮೇಣದ ಹಾಗೆ ಬಿಳುಚಿದ್ದವು.

"ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಹೇಳ್ಲಿಲ್ಲ ಸಾವ್ಕಾರ್ರೆ," ಎಂದ ಮೇಸ್ತ್ರಿ.

ಪೂರ್ತಿ ಹೇಳದೆಯೂ ಇರಲಿಲ್ಲ. ಪಾಲಿಶ್ ಮೆಷಿನ್ ಕೆಳಗಿಟ್ಟ ಮೇಲೂ ಕೈ ಜುಮ್ಮೆನ್ನುತ್ತದೆ, ಬೇರೆ ತರಿಸಿ ಎಂದು ಎರಡು ಸಲ ಕೇಳಿದ್ದ. ನಡುಗಿದರೇ ಮೆಷಿನ್‌ಗೆ ದಮ್ಮಿದೆ ಅಂತ ಅರ್ಥ ಎಂದು ನಗಿಸಿ ಕಳಿಸಿದ್ದವನು ನಾನು.

ಮರುದಿನ ನಾನೇ ಡಾಕ್ಟರ ಹತ್ತಿರ ಕರೆದೊಯ್ದೆ. ವರ್ಷಗಟ್ಟಲೆ ನಡುಗುವ ಮೆಷಿನ್ ಹಿಡಿದು ಬೆರಳಿನ ನರ, ರಕ್ತನಾಳ ಎರಡೂ ಕೆಟ್ಟಿವೆ, ಇನ್ನು ಅದನ್ನು ಮುಟ್ಟುವಂತಿಲ್ಲ ಎಂದರು. ಬಿಳುಪು ಕಡಿಮೆಯಾಗಬಹುದು, ಹೋದ ಸ್ಪರ್ಶ ವಾಪಸು ಬರುತ್ತದೆ ಎನ್ನಲಾರೆ ಎಂದರು.

ಈಗ ಮೇಸ್ತ್ರಿ ಅಂಗಡಿಯಲ್ಲಿ ಎಲ್ಲರೆದುರೇ ನೀರು ಸುರಿದು, ಬಿರುಕು ನೋಡಿ ಒಳ್ಳೆ ಕಲ್ಲು ಆರಿಸಿಕೊಡುತ್ತಾನೆ. ಗಿರಾಕಿಗಳು ಇವತ್ತಿಗೂ ನನ್ನನ್ನು ಬಿಟ್ಟು ಅವನನ್ನೇ ಕೇಳುತ್ತಾರೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸಂಜೆ ಗೇಟಿನ ಕಡೆ ಮಾತ್ರ ನೋಡುವುದಿಲ್ಲ. ತನ್ನ ಗುಂಡಿ ತಾನೇ ಹಾಕಿಕೊಳ್ಳುವ ಹತ್ತು ಬೆರಳುಗಳನ್ನು ನಾನು ಅವನಿಗೆ ಕೊಡುವುದು ಬಾಕಿಯಿದೆ.