ಬಾಗಿಲು ತೆಗೆಸುವ ಮಾತು

ಅಮ್ಮನ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮೇಟಗಳ್ಳಿಯಲ್ಲಿ ಊದುಬತ್ತಿ ಹೊಸೆದು ಹೊಸೆದು ಎಲ್ಲ ಸವೆದುಹೋಗಿದ್ದವು. ಹಾಗಾಗಿ ಆನ್‌ಲೈನಿನಲ್ಲಿ ಔಷಧಿ ತರಿಸುವಾಗ ಮೊಬೈಲು ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಓಟಿಪಿ ಓದೋಣವೆಂದರೆ ಕಣ್ಣು ಕಾಣದು. ನಾನು ರೇಗಿ ಔಷಧಿ ಕಂಪನಿಗೆ ಫೋನು ಮಾಡಿದೆ. ಅವರು ಅಮ್ಮನಿಗೆಂದೇ ಬೇರೆ ಬೀಗ ಮಾಡಿಕೊಟ್ಟರು. ಅಮ್ಮ ತಮಗೆ ಇಷ್ಟವಾದ ಒಂದು ಮಾತನ್ನು ತಮ್ಮ ದನಿಯಲ್ಲಿ ಹೇಳಿದರೆ ಸಾಕು, ಖಾತೆ ತೆರೆದುಕೊಳ್ಳುತ್ತದೆ.

ಅಮ್ಮ ಯೋಚಿಸಲೇ ಇಲ್ಲ. "ನಾನೇ ಕಣಮ್ಮ, ಬಾಗ್ಲು ತೆಗಿ" ಅಂದರು.

ನಾನು ಚಿಕ್ಕವಳಿದ್ದಾಗ ಅವರು ಕೆಲಸಕ್ಕೆ ಹೋಗುವ ಮುಂಚೆ ನನ್ನಿಂದ ಒಳಗಿನ ಚಿಲಕ ಹಾಕಿಸುತ್ತಿದ್ದರು. ಸಂಜೆ ಈ ಮಾತು ಅವರ ದನಿಯಲ್ಲೇ ಕೇಳಿದರೆ ಮಾತ್ರ ತೆಗೆಯಬೇಕು. ಒಮ್ಮೆ ಚಿಕ್ಕಮ್ಮ ತಮಾಷೆಗೆ ಹಾಗೇ ಕೂಗಿದರು. ನಾನು ತೆಗೆಯಲಿಲ್ಲ. ಅಮ್ಮ ಬರುವವರೆಗೂ ಅವರು ಜಗಲಿಯ ಮೇಲೇ ಕೂತಿದ್ದು, "ಇದೆಂಥ ಮಗಳ್ನ ಬೆಳೆಸ್ಬುಟ್ಟಿದ್ದೀಯಕ್ಕ!" ಎಂದು ದೂರಿದರು. ಅಮ್ಮ ನಕ್ಕರು.

ಅಮ್ಮ ತೀರಿಕೊಂಡು ತಿಂಗಳಾದರೂ "ಮಾತ್ರೆ ಮುಗಿಯಿತೇ ಅಮ್ಮ?" ಎಂಬ ಕಂಪನಿಯ ಸಂದೇಶ ಬರುತ್ತಲೇ ಇತ್ತು. ಒಂದು ಮಧ್ಯಾಹ್ನ ಖಾತೆ ಮುಚ್ಚಲು ಕೂತೆ. ಅದಕ್ಕೂ ಅವರದೇ ದನಿ ಬೇಕಂತೆ! ಸತ್ತವರನ್ನು ಎಲ್ಲಿಂದ ಕರೆತರಲಿ? ಸಿಟ್ಟಿನಲ್ಲಿ ಮೊಬೈಲು ಬಾಯಿಯ ಹತ್ತಿರ ಹಿಡಿದು ನಾನೇ ಹೇಳಿದೆ: "ನಾನೇ ಕಣಮ್ಮ, ಬಾಗ್ಲು ತೆಗಿ."

"ದನಿ ಹೊಂದಿದೆ. ನಮಸ್ಕಾರ ಅಮ್ಮ" ಎಂದಿತು ಮೊಬೈಲು.

ಚಿಕ್ಕಮ್ಮನಿಗೇ ಮೋಸಹೋಗದವಳು ನಾನು. ಈ ಪೆದ್ದು ಯಂತ್ರವನ್ನು ಬೈಯಲು ಬಾಯಿ ತೆರೆದೆ. ಕುರ್ಚಿಯಿಂದ ಯಾವಾಗ ಎದ್ದೆನೋ ಗೊತ್ತಿಲ್ಲ, ನನ್ನ ಕೈ ಆಗಲೇ ಬಾಗಿಲ ಚಿಲಕ ತೆಗೆದಿತ್ತು.